ಬೌಲರ್ ಎಲ್ಲಿಂದ ಓಡಿ ಬರಬೇಕು?

ನಮ್ಮ ಕಾಲೊನಿಯ ಮಕ್ಕಳಿಗಾಗಿ ಕ್ರಿಕೆಟ್ ನೆಟ್ಸ್ ಕಟ್ಟುವ ನಕ್ಷೆ ಸೂಚನಾ ಫಲಕವನ್ನೇರಿ ತಿಂಗಳಾಯಿತು. ನೀರಿನ ಟ್ಯಾಂಕಿಗೂ ಕಾಂಪೌಂಡ್ ಗೋಡೆಗೂ ನಡುವಿನ 25 ಮೀಟರ್ ಉದ್ದದ ಜಾಗದಲ್ಲಿ ಎರಡು ಪಿಚ್, ಹಸಿರು ಹಾಸು, ಹೊನಲು ದೀಪ, ಚೆಂಡೆಸೆಯುವ ಯಂತ್ರ. ಎಲ್ಲರೂ ತಲೆದೂಗಿದ್ದಾರೆ. ಮುಂಬಯಿಯಲ್ಲಿ ಇಷ್ಟು ಜಾಗ ಸಿಕ್ಕಿದ್ದೇ ಪುಣ್ಯವೆನ್ನುವಾಗ ತಕರಾರು ತೆಗೆಯಲು ಇವರು ಯಾರು ಎಂದು ನಮ್ಮನ್ನು ಕೇಳಲಾಗಿದೆ. ಉತ್ತರಿಸುವುದು ನಮ್ಮ ಹೊಣೆ.

ಲೆಕ್ಕ ಸರಳ. ಎರಡೂ ಬದಿಯ ಸ್ಟಂಪುಗಳ ನಡುವೆ 22 ಗಜ, ಅಂದರೆ 20.12 ಮೀಟರ್. ದಾಂಡಿಗನ ಹಿಂದೆ ಬಲೆ ಇಳಿಬಿಡಲು ಎರಡು ಮೀಟರಾದರೂ ಬೇಕು. ಉಳಿದದ್ದು ಮೂರು ಮೀಟರಿಗೂ ಕಡಿಮೆ. ಹದಿನೈದು ಮೀಟರ್ ಓಡಿ ಬಂದು ಚೆಂಡು ಹಾಕುವ ಹುಡುಗಿಯೊಬ್ಬಳು ನಮ್ಮ ಕಾಲೊನಿಯಲ್ಲಿದ್ದಾಳೆ. ಅವಳೇನು ಗೋಡೆಯೊಳಗಿಂದ ಹೊರಡಬೇಕೆ? ನಕ್ಷೆ ಬರೆದವರಿಗೆ ಇದು ಹೊಳೆಯಲೇ ಇಲ್ಲ. ಅವರ ಪಾಲಿಗೆ ನೆಟ್ಸ್ ಎಂದರೆ ಬ್ಯಾಟ್ ಹಿಡಿದವರ ಸೊತ್ತು. ಚೆಂಡನ್ನು ಯಂತ್ರ ಹಾಕೀತು, ಇಲ್ಲವೆ ಹೊರಗಿನ ಯಾರೋ ಬಡ ಹುಡುಗ ಬಂದು ಹಾಕಿಯಾನು.

ಆಜಾದ್ ಮೈದಾನ, ಕ್ರಾಸ್ ಮೈದಾನ, ಶಿವಾಜಿ ಪಾರ್ಕುಗಳ ನೆಟ್ಸ್ ಕಂಡವರು ನೆನಪಿಸಿಕೊಳ್ಳಲಿ. ಕಂಬ ಬಾಗಿರಬಹುದು, ಬಲೆಗೆ ಹತ್ತು ತೇಪೆ ಬಿದ್ದಿರಬಹುದು. ಆದರೆ ಬೌಲರನ ತುದಿ ಬಯಲಿಗೆ ತೆರೆದಿರುತ್ತದೆ. ಐದಾರು ಮಂದಿ ಹೆಜ್ಜೆ ಎಣಿಸಿ, ಚಪ್ಪಲಿಯನ್ನೋ ಕಲ್ಲನ್ನೋ ಗುರುತಿಗಿಟ್ಟು, ಸರದಿಯಂತೆ ಓಡಿ ಬರುತ್ತಾರೆ. ಅಲ್ಲಿ ಕಲಿಯುವವನು ದಾಂಡಿಗ ಒಬ್ಬನೇ ಅಲ್ಲ.

ನೆಲದ ಸಂಗತಿಯಂತೂ ಇನ್ನೂ ಗಂಭೀರ. ನಕ್ಷೆಯ ಪ್ರಕಾರ ಹಸಿರು ಹಾಸು ಬೌಲಿಂಗ್ ಕ್ರೀಸಿಗೆ ಮುಗಿಯುತ್ತದೆ. ಅದರಾಚೆ ಪೇವರ್ ಬ್ಲಾಕ್, ಮಳೆಗಾಲದಲ್ಲಿ ಪಾಚಿ. ಚೆಂಡು ಬಿಡುವ ಗಳಿಗೆಯಲ್ಲಿ ವೇಗಿಯ ಮುಂಗಾಲಿನ ಮೇಲೆ ಮೈತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಎಲುಬು ಬಲಿಯದ ವಯಸ್ಸಿನ ವೇಗಿಗಳ ಕೆಳಬೆನ್ನಿನ ಮೂಳೆಯಲ್ಲಿ ಬಿರುಕು ಮೂಡುವುದು ಕ್ರೀಡಾವೈದ್ಯರಿಗೆ ಹೊಸತಲ್ಲ. ಜಾರುವ ನೆಲದಲ್ಲಿ ಓಡಿ, ಕಾಂಕ್ರೀಟಿನ ಮೇಲೆ ಕಾಲೂರು ಎಂದು ಮಕ್ಕಳಿಗೆ ಹೇಳಲು ನಮಗೆ ಬಾಯಿ ಬಾರದು. ಬಲೆಯ ಕೆಳಯಂಚು ನೆಲಕ್ಕೆ ತಾಗದಿದ್ದರೆ ನುಸುಳಿದ ಚೆಂಡು ಪಕ್ಕದವರ ಕಣಕಾಲಿಗೆ ಬಡಿಯುತ್ತದೆ ಎಂಬುದೂ ನಕ್ಷೆಯಲ್ಲಿಲ್ಲ. ಹೋಗಲಿ, ಅದನ್ನು ತಿದ್ದುವುದು ಸುಲಭ.

ಈ ನಕ್ಷೆಗೆ ಮೊದಲು ಕೈಯೆತ್ತಿದವರು ನಮ್ಮ ಕನ್ನಡಿಗರೇ ಎಂಬುದು ಸೋಜಿಗ. ಹದಿನೈದು ವರ್ಷ ರಣಜಿ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಡದ ಮುಂಬಯಿಯನ್ನು 1974ರಲ್ಲಿ ಕರ್ನಾಟಕ ಮಣಿಸಿದ ಕಥೆಯನ್ನು ಪ್ರತಿ ರಾಜ್ಯೋತ್ಸವದಲ್ಲೂ ಹೇಳುವವರು ಇವರೇ. ಆ ಕಥೆಯಲ್ಲಿ ವಿಶ್ವನಾಥ್, ಬ್ರಿಜೇಶ್ ಪಟೇಲರ ಶತಕಗಳಿವೆ, ನಿಜ. ಆದರೆ ಗಾವಸ್ಕರರ ಸ್ಟಂಪು ಉರುಳಿಸಿದ ಪ್ರಸನ್ನರ ಎಸೆತಕ್ಕೆ ಬಂದಾಗಲ್ಲವೆ ಇವರ ದನಿ ಏರುವುದು? ಚಂದ್ರಶೇಖರ್, ಶ್ರೀನಾಥ್, ಕುಂಬ್ಳೆಯರ ಹೆಸರೆತ್ತಿ ಬೀಗುವವರು ಬೌಲರಿಗೆ ಮೂರು ಮೀಟರ್ ಸಾಕೆನ್ನುವುದು ಹೇಗೆ?

ಜಾಗವಿಲ್ಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ನೆಟ್ಸನ್ನು ಕಾಂಪೌಂಡ್ ಗೋಡೆಯುದ್ದಕ್ಕೆ ತಿರುಗಿಸಿದರೆ 42 ಮೀಟರ್ ಸಿಗುತ್ತದೆ. ಪಿಚ್ ಆಗ ಉತ್ತರ-ದಕ್ಷಿಣವಾಗುವುದರಿಂದ ಬೆಳಗಿನ ಬಿಸಿಲೂ ಕಣ್ಣಿಗೆ ಹೊಡೆಯದು. ಎರಡರ ಬದಲು ಒಂದೇ ಪಿಚ್ ಆದೀತು, ಆಗಲಿ. ಯಂತ್ರದ ಹಣದಲ್ಲಿ ಓಟದ ದಾರಿಗೆ ಮಣ್ಣು ಹಾಸಿ, ನೀರು ಹರಿದುಹೋಗಲು ಇಳಿಜಾರು ಕೊಡಬಹುದು. ಎಂಟು ಕಾರುಗಳ ಪಾರ್ಕಿಂಗ್ ಹೋಗುತ್ತದೆ. ಸಭೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಅಡ್ಡಿ ಇದೊಂದೇ. ಆ ಎಂಟರಲ್ಲಿ ಮೂರು ನಮ್ಮವೇ. ಅವನ್ನು ತೆಗೆಯುತ್ತೇವೆಂದು ಬರೆದುಕೊಟ್ಟಿದ್ದೇವೆ. ಉಳಿದ ಐವರ ಉತ್ತರ ಇನ್ನೂ ಬಂದಿಲ್ಲ.