ಕರೆಂಟು ಬಂದ ಆ ಕ್ಷಣ, ಪಿನ್ನಿಗೆ ಯಜಮಾನ ಯಾರು?

ಕನ್ನಡದ ತರುಣ ತರುಣಿಯರೇ,

ಎಲ್.ಇ.ಡಿ. ಮಿನುಗಿಸಿದ್ದೀರಿ. ಸಂತೋಷ! ಎಸ್.ಪಿ. ರಸ್ತೆಗೆ ಹೋಗಿ ಬೋರ್ಡು ತಂದಿರಿ, ಎಲ್ಲಿಂದಲೋ ಹತ್ತು ಸಾಲು ನಕಲು ಹೊಡೆದಿರಿ, ದೀಪ ಹೊತ್ತಿತು, ಪ್ರಾಜೆಕ್ಟಿಗೆ ಅಂಕವೂ ಬಿತ್ತು. ಈಗ ನನ್ನದೊಂದು ಪ್ರಶ್ನೆಗೆ ಉತ್ತರ ಕೊಡಿ. ಕರೆಂಟು ಬಂದ ಕ್ಷಣದಿಂದ ನಿಮ್ಮ ಪ್ರೋಗ್ರಾಮಿನ ಮೊದಲ ಸಾಲು ಓಡುವವರೆಗೆ ಆ ಪಿನ್ನು ಯಾರ ಮಾತು ಕೇಳುತ್ತದೆ?

ಗೊತ್ತಿಲ್ಲವೇ? ನಾಚಿಕೆ ಬೇಡ. ಓದುವ ದಿನಗಳಲ್ಲಿ ನನಗೂ ಗೊತ್ತಿರಲಿಲ್ಲ. ಗೊತ್ತಾದದ್ದು ನಮ್ಮ ಚಿಕ್ಕಪ್ಪನ ತೋಟದ ಬಾವಿ ಕಟ್ಟೆಯ ಮೇಲೆ.

ರಜೆಗೆ ಊರಿಗೆ ಹೋದವನು ದೊಡ್ಡ ಇಂಜಿನಿಯರನಂತೆ ೮೦೫೧ ಚಿಪ್ ಹಾಕಿ ಪಂಪ್‌ಸೆಟ್ಟಿಗೆ ಟೈಮರ್ ಮಾಡಿಕೊಟ್ಟಿದ್ದೆ. ಪಿನ್ನು ಒಂದಾದರೆ ರಿಲೇ ಎಳೆಯಬೇಕು, ರಿಲೇ ಎಳೆದರೆ ಸ್ಟಾರ್ಟರ್ ಹಿಡಿಯಬೇಕು. ಪ್ರೋಗ್ರಾಮಿನ ಮೊಟ್ಟಮೊದಲ ಸಾಲೇ 'ಮೋಟಾರ್ ಆಫ್'. ಇದಕ್ಕಿಂತ ಎಚ್ಚರಿಕೆ ಇನ್ನೇನು ಬೇಕು ಎಂದುಕೊಂಡಿದ್ದೆ. ಒಂದು ಸಂಜೆ ಕರೆಂಟಿರಲಿಲ್ಲ. ಚಿಕ್ಕಪ್ಪ ಪಂಪಿನ ಹತ್ತಿರ ಕೂತು ಸೋರುತ್ತಿದ್ದ ಕಡೆ ಹಗ್ಗ ತುರುಕುತ್ತಿದ್ದರು. ಇದ್ದಕ್ಕಿದ್ದಂತೆ ಕರೆಂಟು ಬಂತು. ಯಾರೂ ಗುಂಡಿ ಒತ್ತಲಿಲ್ಲ, ಮೋಟಾರು ತಿರುಗಿತು! ಅವರ ಹೆಗಲ ಮೇಲಿನ ಟವಲ್ಲು ಶಾಫ್ಟಿಗೆ ಸುತ್ತಿಕೊಂಡು ಚಿಂದಿಯಾಯಿತು. ಕೈ ಉಳಿಯಿತು. ಅದು ನನ್ನ ವಿದ್ಯೆಯಿಂದ ಉಳಿದದ್ದಲ್ಲ, ಅವರ ಅದೃಷ್ಟದಿಂದ ಉಳಿದದ್ದು.

ಆದದ್ದೇನು? ಇಂಟೆಲ್ ೧೯೮೦ರಲ್ಲಿ ಹೊರತಂದ ೮೦೫೧ರಲ್ಲಿ ಪಿನ್ನು ಒಳಬರುವ ದಾರಿಯೋ ಹೊರಹೋಗುವ ದಾರಿಯೋ ಎಂದು ಹೇಳುವ ಪ್ರತ್ಯೇಕ ರಿಜಿಸ್ಟರೇ ಇಲ್ಲ. ರೀಸೆಟ್ ಆದಾಗ ನಾಲ್ಕೂ ಪೋರ್ಟುಗಳ ಎಲ್ಲ ಬಿಟ್ಟುಗಳೂ ಒಂದು. ರೀಸೆಟ್ ಮುಗಿದು ನನ್ನ 'ಮೋಟಾರ್ ಆಫ್' ಸಾಲು ಬರುವಷ್ಟರಲ್ಲಿ ರಿಲೇ ಎಳೆದಾಗಿತ್ತು. ಸ್ಟಾರ್ಟರಿಗೆ ಆ ಒಂದು ಗಳಿಗೆ ಸಾಕು. ಹಸಿರು ಗುಂಡಿ ಒತ್ತಿ ಬಿಟ್ಟ ಮೇಲೂ ಮೋಟಾರು ಓಡುತ್ತಲೇ ಇರುತ್ತದಲ್ಲವೇ? ಹಾಗೆಯೇ ಅದು ತನ್ನನ್ನು ತಾನೇ ಹಿಡಿದುಕೊಂಡಿತು. ಸಾಲು ಸರಿಯಿತ್ತು, ತಂತಿಯ ಲೆಕ್ಕ ತಪ್ಪಿತ್ತು. ಸೊನ್ನೆಗೆ ರಿಲೇ ಎಳೆಯುವಂತೆ, ಒಂದಕ್ಕೆ ಬಿಡುವಂತೆ ಸರ್ಕ್ಯೂಟು ಕಟ್ಟಿದ್ದರೆ ಕರೆಂಟು ನೂರು ಸಲ ಹೋಗಿ ಬಂದರೂ ಮೋಟಾರು ಸುಮ್ಮನಿರುತ್ತಿತ್ತು.

'ನಮ್ಮದು ಹಳೇ ೮೦೫೧ ಅಲ್ಲ ಸಾರ್' ಎನ್ನುತ್ತೀರಾ? ಸರಿ, ನಿಮ್ಮ ಆರ್ಡುಯಿನೊ ಊನೊ ಆರ್-೩ ತೆಗೆಯಿರಿ. ಅದರ ಎ.ಟಿ.ಮೆಗಾ ೩೨೮ಪಿ ಚಿಪ್ಪಿನಲ್ಲಿ ಡಿ.ಡಿ.ಆರ್. ರಿಜಿಸ್ಟರ್ ಇದೆ. ಸೊನ್ನೆ ಬರೆದರೆ ಇನ್‌ಪುಟ್, ಒಂದು ಬರೆದರೆ ಔಟ್‌ಪುಟ್. ರೀಸೆಟ್ ಆದಾಗ ಎಲ್ಲವೂ ಸೊನ್ನೆ. ಅಂದರೆ ಪಿನ್ನು ಸೂತ್ರ ಹರಿದ ಗಾಳಿಪಟ. ಹತ್ತಿರ ಬೆರಳು ತಂದರೂ ಒಂದು, ತೆಗೆದರೆ ಸೊನ್ನೆ, ಅದರ ಮಾತನ್ನು ನಂಬುವಂತಿಲ್ಲ. ಇನ್‌ಪುಟ್ ಆಗಿಯೇ ಇಟ್ಟುಕೊಂಡು ಪೋರ್ಟ್ ರಿಜಿಸ್ಟರಿಗೆ ಒಂದು ಬರೆದರೆ ಚಿಪ್ಪಿನೊಳಗಿನ ಪುಲ್-ಅಪ್ ಅದನ್ನು ಮೇಲಕ್ಕೆ ಹಿಡಿದಿಡುತ್ತದೆ. ಆಗ ಸ್ವಿಚ್ಚು ನೆಟ್ಟಗೆ ಓದುತ್ತದೆ.

ಮಾರುಕಟ್ಟೆಯಲ್ಲಿ ಸಿಗುವ ರಿಲೇ ಬೋರ್ಡುಗಳಲ್ಲಿ ಬಹಳಷ್ಟು ಸೊನ್ನೆಗೆ ಎಳೆಯುವಂಥವು. ನೀವು ಮೊದಲು ಪಿನ್ನನ್ನು ಔಟ್‌ಪುಟ್ ಮಾಡಿ ಆಮೇಲೆ ಒಂದು ಬರೆದರೆ, ನಡುವಿನ ಗಳಿಗೆಯಲ್ಲಿ ಅದು ಸೊನ್ನೆ. ರಿಲೇ ಟಕ್ ಎನ್ನುತ್ತದೆ. ಮೊದಲು ಒಂದು ಬರೆಯಿರಿ, ಆಮೇಲೆ ದಿಕ್ಕು ಬದಲಿಸಿ. ಎರಡೇ ಸಾಲು, ಅದಲು ಬದಲು ಅಷ್ಟೇ. ಈ ಎರಡು ಸಾಲಿನ ನಡುವೆ ಒಬ್ಬನ ಕೈ ಇರಬಹುದು!

ಪ್ರತಿ ಚಿಪ್ಪಿಗೂ ಅದರದೇ ಗುಣ. ಎಸ್.ಟಿ.ಎಂ.೩೨ರಲ್ಲಿ ಆ ಪೋರ್ಟಿಗೆ ಮೊದಲು ಕ್ಲಾಕ್ ಕೊಡದಿದ್ದರೆ ಏನು ಬರೆದರೂ ಗೋಡೆಗೆ ಹೇಳಿದಂತೆ. ಮೊದಲ ಇ.ಎಸ್.ಪಿ.೩೨ರಲ್ಲಿ ೩೪ರಿಂದ ೩೯ರವರೆಗಿನ ಪಿನ್ನುಗಳು ಬರೀ ಇನ್‌ಪುಟ್, ಒಳಗೆ ಪುಲ್-ಅಪ್ ಕೂಡ ಇಲ್ಲ. ಇನ್ನು ಕರೆಂಟಿನ ಲೆಕ್ಕ. ಎ.ಟಿ.ಮೆಗಾ ಪಿನ್ನು ಎಂದೂ ದಾಟಬಾರದ ಗಡಿ ೪೦ ಮಿಲಿ ಆಂಪಿಯರ್. ಸಾಧಾರಣ ೫ ವೋಲ್ಟಿನ ರಿಲೇ ಕಾಯಿಲ್ ಕೇಳುವುದು ಸುಮಾರು ೭೦. ನಡುವೆ ಟ್ರಾನ್ಸಿಸ್ಟರ್, ಕಾಯಿಲಿಗೆ ಅಡ್ಡ ಒಂದು ಡಯೋಡ್ ಇಡದೆ ನೇರ ಜೋಡಿಸುವವನು ಇಂಜಿನಿಯರನಲ್ಲ, ಚಿಪ್ಪಿನ ವೈರಿ.

ಇದೆಲ್ಲ ಡೇಟಾಶೀಟಿನಲ್ಲಿ ಬರೆದೇ ಇದೆ. ಓದುವವರು ಯಾರು? ಪ್ರಯೋಗಾಲಯದಲ್ಲಿ ದೀಪ ಹೊತ್ತಿದರೆ ಅಂಕ. 'ರೀಸೆಟ್ಟಿನಲ್ಲಿ ಈ ಪಿನ್ನು ಏನಾಗಿರುತ್ತದೆ' ಎಂದು ಎಷ್ಟು ಮೇಷ್ಟರು ಕೇಳಿದ್ದಾರೆ? 'ಹೈ ಇಂಪೀಡೆನ್ಸ್ ಸ್ಟೇಟ್' ಎಂದು ಗಿಳಿಪಾಠ ಒಪ್ಪಿಸುವ ಹುಡುಗನನ್ನು 'ಹಾಗೆಂದರೇನಪ್ಪಾ?' ಎಂದು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾನೆ. ನಾನೂ ಆ ಗಿಳಿಯೇ ಆಗಿದ್ದೆ. ಚಿಂದಿ ಟವಲ್ಲು ಕೈಯಲ್ಲಿ ಹಿಡಿದು ಚಿಕ್ಕಪ್ಪ ಕೇಳಿದ್ದು ಒಂದೇ ಮಾತು: 'ಅದು ಯಾರನ್ನ ಕೇಳಿ ಶುರುವಾಯ್ತೋ?' ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಲು ಹೊರಟಾಗಲೇ ನನಗೂ ಅದು ಮೊದಲ ಬಾರಿಗೆ ಅರ್ಥವಾದದ್ದು. ತಾಂತ್ರಿಕ ವಿಷಯ ಕನ್ನಡದಲ್ಲಿ ಆಗುವುದಿಲ್ಲ ಎನ್ನುವ ಪಂಡಿತರೇ, ನಿಮಗೆ ಅರ್ಥವಾಗಿದ್ದರೆ ಆಗುತ್ತದೆ!

ಆದ್ದರಿಂದ ಗೆಳೆಯರೇ, ಮುಂದಿನ ಬೋರ್ಡಿಗೆ ಕೈ ಹಾಕುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿ ಪಿನ್ನಿಗೂ ಕನ್ನಡದಲ್ಲಿ ಒಂದೊಂದು ಸಾಲು ಬರೆಯಿರಿ. ಇದಕ್ಕೆ ಏನು ಕಟ್ಟಿದೆ? ರೀಸೆಟ್ಟಿನಲ್ಲಿ ಇದು ಏನು? ಇದು ಕೆಟ್ಟರೆ ಯಾರಿಗೆ ಪೆಟ್ಟು? ಬಳಸದ ಪಿನ್ನಿಗೂ ಒಂದು ಸಾಲು ಬರೆಯಿರಿ. ಕಾಲೇಜಿನಲ್ಲಿ ಈ ಹಾಳೆಗೆ ಅಂಕ ಕೊಡಿ ಎಂದು ಮೇಷ್ಟರನ್ನು ಪಟ್ಟು ಹಿಡಿದು ಕೇಳಿ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ೧೯೮೫ರಲ್ಲೇ ಬೆಂಗಳೂರಿಗೆ ಬಂದು ಚಿಪ್ಪು ವಿನ್ಯಾಸದ ಕೆಲಸ ಶುರುಮಾಡಿತು. ಆ ಚಿಪ್ಪಿನ ಊರಿನಲ್ಲಿ ಕೂತು ನಕಲು ಹೊಡೆಯುವವರಾಗಿ ಉಳಿಯಬೇಡಿ. ಪಿನ್ನು ಏನಾಗಿರಬೇಕೆಂದು ನೀವು ಹೇಳದಿದ್ದರೆ ಇನ್ಯಾರೋ ಆಗಲೇ ಹೇಳಿಟ್ಟಿರುತ್ತಾರೆ. ಅವರಿಗೆ ನಿಮ್ಮ ಊರಿನ ಬಾವಿಯೂ ಗೊತ್ತಿಲ್ಲ, ಅಲ್ಲಿ ಕೂತ ಚಿಕ್ಕಪ್ಪನೂ ಗೊತ್ತಿಲ್ಲ. ನಿಮಗೆ ಗೊತ್ತು!