ಹಳೆಯ ಖಾತೆ ಮುಚ್ಚುವ ಮುನ್ನ

ಒಬ್ಬನೇ ಗಿರಾಕಿಯ ಹೆಸರಿನಲ್ಲಿ ಲೆಡ್ಜರಿನಲ್ಲಿ ಎರಡು ಖಾತೆಗಳಿದ್ದರೆ ಅವನ್ನು ಒಂದುಗೂಡಿಸುವುದು ವಾಡಿಕೆ. ಆದರೆ ಯಾವ ಲೆಕ್ಕಿಗನೂ ಹಳೆಯ ಪುಟವನ್ನು ಹರಿದೆಸೆಯುವುದಿಲ್ಲ. ಬಾಕಿಯನ್ನು ವರ್ಗಾಯಿಸಿ, ಹೊಸ ಪುಟದ ಸಂಖ್ಯೆಯನ್ನು ಹಳೆಯದರಲ್ಲಿ ಬರೆದಿಡುತ್ತಾನೆ. ಗಣಕಯಂತ್ರದ ಒಳಗೂ ಇದೇ ಪ್ರಶ್ನೆ ಮೇಲಿಂದ ಮೇಲೆ ಏಳುತ್ತದೆ.

ಡಿಸ್ಕ್, ಪ್ರಿಂಟರ್ ಮೊದಲಾದ ಸಾಧನಗಳಿಗೂ ಬಿಲ್ಲಿಂಗ್ ತಂತ್ರಾಂಶಕ್ಕೂ ನಡುವೆ ನಿಂತು ವ್ಯವಹರಿಸುವುದು ಕರ್ನಲ್ ಎಂಬ ಮೂಲ ತಂತ್ರಾಂಶ. ಅದು ಪ್ರತಿ ಸಾಧನಕ್ಕೂ ಒಂದು ಹೆಸರು ಕೊಡುತ್ತದೆ. ಉಳಿದ ತಂತ್ರಾಂಶಗಳು ಆ ಹೆಸರು ಹಿಡಿದೇ ಕೆಲಸ ಕೇಳುತ್ತವೆ. ಕಾಲಕ್ರಮದಲ್ಲಿ ಒಂದೇ ಕೆಲಸಕ್ಕೆ ಎರಡು ಬಾಗಿಲುಗಳಾಗುತ್ತವೆ. ಆಗ ದೋಷಗಳನ್ನು ಎರಡೂ ಕಡೆ ತಿದ್ದಬೇಕು. ಬಳಕೆ ಕಡಿಮೆಯಾದ ಬಾಗಿಲನ್ನು ಪರೀಕ್ಷಿಸುವವರೇ ಇರುವುದಿಲ್ಲ. ಆದ್ದರಿಂದ ಹೆಚ್ಚುವರಿಯಾದುದನ್ನು ತೆಗೆಯುವುದು ನ್ಯಾಯವೇ.

ಲಿನಕ್ಸ್‌ನ ನಿದರ್ಶನವನ್ನು ನೋಡಬಹುದು. ಹಳೆಯ ಐಡಿಇ ಡಿಸ್ಕ್‌ಗಳಿಗೆ ಅದರಲ್ಲಿ ‘ಎಚ್‌ಡಿಎ’ ಮಾದರಿಯ ಹೆಸರುಗಳಿದ್ದವು. ‘ಲಿಬ್‌ಎಟಿಎ’ ಎಂಬ ಹೊಸ ವ್ಯವಸ್ಥೆ ಬಂದು, ಅವೇ ಡಿಸ್ಕ್‌ಗಳನ್ನು ‘ಎಸ್‌ಡಿಎ’ ಮಾದರಿಯ ಹೆಸರುಗಳಿಂದ ನಡೆಸತೊಡಗಿತು. ಎರಡೂ ವ್ಯವಸ್ಥೆಗಳು ದಶಕಕ್ಕೂ ಮೀರಿ ಜೊತೆಯಾಗಿದ್ದು, ಹಳೆಯದನ್ನು 2021ರ ಆಗಸ್ಟ್‌ನಲ್ಲಿ ಬಂದ 5.14ನೆಯ ಆವೃತ್ತಿಯಲ್ಲಿ ತೆಗೆದುಹಾಕಲಾಯಿತು. ಇಷ್ಟು ದೀರ್ಘ ಕಾಲಾವಕಾಶ ಶ್ಲಾಘನೀಯ. ಆದರೆ ಹೆಸರು ಬದಲಾದುದು ಅಷ್ಟು ಸಲೀಸಾಗಿ ದಾಟಿದ ಸಂಗತಿಯಲ್ಲ. ಹಳೆಯ ಹೆಸರನ್ನೇ ಬರೆದಿಟ್ಟಿದ್ದ ಯಂತ್ರಗಳಿಗೆ ಹೊಸ ಕರ್ನಲ್ ಬಂದಾಗ ತಮ್ಮದೇ ಡಿಸ್ಕ್ ಸಿಗದೆ ಹೋಗಬಹುದಿತ್ತು; ಡಿಸ್ಕ್ ಭಾಗಕ್ಕೆ ಲೇಬಲ್ ಅಂಟಿಸಿ ಅದರಿಂದಲೇ ಗುರುತಿಸುತ್ತಿದ್ದವರಿಗೆ ತೊಂದರೆಯಾಗಲಿಲ್ಲ. ಬಳಕೆದಾರನ ತಂತ್ರಾಂಶವನ್ನು ಕರ್ನಲ್ ಕೆಡಿಸಬಾರದು ಎಂಬುದು ಲೀನಸ್ ಟೋರ್ವಾಲ್ಡ್ಸ್ ಪಟ್ಟುಹಿಡಿದು ಹೇಳುತ್ತ ಬಂದ ನಿಯಮ. ಆ ಅಳತೆಗೋಲಿನಿಂದ ನೋಡಿದರೆ ಇಲ್ಲಿ ಕಾಲಾವಕಾಶಕ್ಕೆ ಪೂರ್ಣ ಅಂಕ, ಹೆಸರಿಗೆ ಅರ್ಧ ಅಂಕ.

ಅಂಗಡಿಯ ಮೇಜಿನ ಮೇಲೆ ಇದರ ಇನ್ನೊಂದು ರೂಪ ಕಾಣುತ್ತದೆ. ಡಾಸ್ ಕಾಲದ ಬಿಲ್ಲಿಂಗ್ ತಂತ್ರಾಂಶಕ್ಕೆ ತಿಳಿದಿರುವುದು ‘ಎಲ್‌ಪಿಟಿ1’ ಎಂಬ ಹೆಸರೊಂದೇ. ಹೊಸ ಯಂತ್ರದಲ್ಲಿ ಆ ಪೋರ್ಟ್ ಇರುವುದೇ ಅಪರೂಪ. ಆದರೂ ವಿಂಡೋಸ್‌ನಲ್ಲಿ ಯುಎಸ್‌ಬಿ ಪ್ರಿಂಟರನ್ನು ಹಂಚಿಕೆಗೆ ತೆರೆದು, ‘ನೆಟ್ ಯೂಸ್’ ಆಜ್ಞೆಯಿಂದ ಅದಕ್ಕೆ ಹಳೆಯ ಹೆಸರನ್ನೇ ತಗುಲಿಸಬಹುದು. ಬಿಲ್ಲು ಎಂದಿನಂತೆ ಹೊರಬೀಳುತ್ತದೆ. ಬಾಗಿಲು ಹೊಸತು, ಮೇಲಿನ ಫಲಕ ಹಳೆಯದು. ಆದರೆ 64 ಬಿಟ್ ವಿಂಡೋಸ್ ಡಾಸ್ ತಂತ್ರಾಂಶಗಳನ್ನು ನೇರವಾಗಿ ನಡೆಸದು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಫಲಕವನ್ನು ಓದಬೇಕಾದವನೇ ಅಲ್ಲಿ ಇಲ್ಲದಾಗುತ್ತಾನೆ.

ಇದನ್ನು ಕೇವಲ ತಾಂತ್ರಿಕ ವಿಷಯವೆಂದು ಕಡೆಗಣಿಸುವಂತಿಲ್ಲ. ಕಂಪನಿ ಕಾಯ್ದೆ 2013ರ 128ನೆಯ ಕಲಮಿನ ಪ್ರಕಾರ ಕಂಪನಿಗಳು ಎಂಟು ಆರ್ಥಿಕ ವರ್ಷಗಳ ಲೆಕ್ಕಪುಸ್ತಕಗಳನ್ನು ಕಾಪಾಡಬೇಕು. ಜಿಎಸ್‌ಟಿ ಕಾಯ್ದೆಯ 36ನೆಯ ಕಲಮು, ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಎನ್ನುತ್ತದೆ. ಡಿಸ್ಕಿನಲ್ಲಿ ಇದ್ದೂ ತೆರೆಯಲಾಗದ ಲೆಕ್ಕವನ್ನು ಅಧಿಕಾರಿಯ ಮುಂದೆ ಮಂಡಿಸುವುದು ಹೇಗೆ? ತಂತ್ರಾಂಶ ಮಾರುವವರು ಹಳೆಯ ಕಡತಗಳು ಎಷ್ಟು ವರ್ಷ ತೆರೆಯುತ್ತವೆ, ಬೆಂಬಲ ನಿಲ್ಲಿಸುವ ಮುನ್ನ ಎಷ್ಟು ತಿಂಗಳು ಮೊದಲು ತಿಳಿಸಲಾಗುತ್ತದೆ ಎಂಬುದನ್ನು ಕರಾರಿನಲ್ಲೇ ಬರೆದುಕೊಡಬೇಕು. ವರ್ತಕರು ಬೆಲೆಯ ಚೌಕಾಸಿಗೆ ಕೊಡುವ ಸಮಯದಲ್ಲಿ ಸ್ವಲ್ಪವನ್ನು ಇದಕ್ಕೂ ಕೊಡಬಹುದು. ಹಳೆಯ ಯಂತ್ರವನ್ನು ವಿನಿಮಯಕ್ಕೆ ಕೊಟ್ಟು ಕಳುಹಿಸುವ ಮೊದಲು, ಅದರಲ್ಲಿನ ಅತ್ಯಂತ ಹಿಂದಿನ ವರ್ಷದ ಲೆಡ್ಜರನ್ನು ಹೊಸ ಯಂತ್ರದಲ್ಲಿ ತೆರೆದು, ಒಂದು ಪುಟವನ್ನಾದರೂ ಮುದ್ರಿಸಿ, ಹಳೆಯ ಪ್ರತಿಯೊಡನೆ ತಾಳೆ ನೋಡಬೇಕು.