ನೀರೊಳಗಿನ ಛಾಯಾಗ್ರಹಣ: ಮೊದಲು ಕವಚ, ಆಮೇಲೆ ಕ್ಯಾಮರಾ

ಮುರುಡೇಶ್ವರದ ಎದುರಿಗೆ, ಕಡಲಿನಲ್ಲಿ ಸುಮಾರು ೧೯ ಕಿಲೋಮೀಟರು ದೂರದಲ್ಲಿರುವ ನೇತ್ರಾಣಿ ದ್ವೀಪದ ಬಳಿ ಮುಳುಗಿ, ಹವಳವನ್ನೂ ಮೀನುಗಳನ್ನೂ ಕಂಡುಬರುವ ತರುಣರು ಈಗ ನಮ್ಮ ಮಂಗಳೂರಿನಲ್ಲಿಯೂ ಇದ್ದಾರೆ. ಹಂಪನಕಟ್ಟೆಯ ನಮ್ಮ ಕಾಲೇಜಿನಲ್ಲಿ ಅಂಥವರು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: “ಸರ್, ಯಾವ ಕ್ಯಾಮರಾ ಕೊಳ್ಳಬಹುದು?” ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆ ಎರಡನೆಯದಾಗಬೇಕು. ಕ್ಯಾಮರಾವನ್ನು ಯಾವ ಕವಚದಲ್ಲಿಟ್ಟು ನೀರಿಗಿಳಿಸುತ್ತೇವೆ ಎಂಬುದು ಮೊದಲನೆಯದು. ತಂದೆತಾಯಿಗಳ ಹಣ ಕಡಲಪಾಲಾಗಬಾರದೆಂಬ ಕಾಳಜಿಯೊಂದೇ ಇದಕ್ಕೆ ಕಾರಣವಲ್ಲ. ಭೌತಶಾಸ್ತ್ರವೂ ಇದೇ ಕ್ರಮವನ್ನು ಬೇಡುತ್ತದೆ.

ನೀರಿನಲ್ಲಿ ಪ್ರತಿ ೧೦ ಮೀಟರು ಇಳಿದಂತೆ ಒಂದು ವಾತಾವರಣದಷ್ಟು, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಭಾರದಷ್ಟು, ಒತ್ತಡ ಹೆಚ್ಚುತ್ತದೆ. ಕವಚದ ಹಿಂಬದಿಯ ಮುಚ್ಚಳ ೧೫ ಸೆಂಟಿಮೀಟರು ಉದ್ದ, ೧೦ ಸೆಂಟಿಮೀಟರು ಅಗಲವಿದ್ದರೆ ೧೦ ಮೀಟರು ಆಳದಲ್ಲಿ ಅದರ ಮೇಲೆ ೧೫೦ ಕಿಲೋಗ್ರಾಂ ಭಾರ ಬೀಳುತ್ತದೆ: ಐವತ್ತು ಕಿಲೋ ಅಕ್ಕಿಯ ಮೂರು ಮೂಟೆಗಳು! ಸೋಜಿಗವೆಂದರೆ, ಗಟ್ಟಿಯಾದ ಕವಚ ಸೋರುವುದು ಹೆಚ್ಚಾಗಿ ಆಳದಲ್ಲಲ್ಲ, ಮೊದಲ ಒಂದೆರಡು ಮೀಟರುಗಳಲ್ಲಿ. ಆಳಕ್ಕಿಳಿದಂತೆ ಒತ್ತಡವೇ ಮುಚ್ಚಳವನ್ನು ರಬ್ಬರಿನ ಬಳೆಯ ಮೇಲೆ ಇನ್ನಷ್ಟು ಬಿಗಿಯಾಗಿ ಅದುಮುತ್ತದೆ. ಆ ಬಳೆಯ ಮೇಲೆ ಒಂದು ತಲೆಗೂದಲೋ ಮರಳಿನ ಕಣವೋ ಕುಳಿತಿದ್ದರೆ ಮೇಲ್ಮಟ್ಟದಲ್ಲಿಯೇ ಕೆಲಸ ಕೆಡುತ್ತದೆ. ಆದುದರಿಂದ ಹೊಸ ಕವಚವನ್ನು ಮೊದಲು ಬರಿದಾಗಿಯೇ, ಒಳಗೊಂದು ಒಣ ಕಾಗದವಿಟ್ಟು, ನೀರಿಗಿಳಿಸಿ ನೋಡತಕ್ಕದ್ದು.

ಇದು ಹೊಸ ತೊಡಕೇನಲ್ಲ. ೧೮೯೩ರಲ್ಲಿ ಫ್ರಾನ್ಸಿನ ಜೀವಶಾಸ್ತ್ರಜ್ಞ ಲೂಯಿ ಬೂತಾಂ ಕಡಲೊಳಗೆ ಚಿತ್ರ ತೆಗೆದಾಗ ಜಲನಿರೋಧಕ ಪೆಟ್ಟಿಗೆಯನ್ನು ಅವನ ಸಹೋದರನೇ ರೂಪಿಸಿಕೊಡಬೇಕಾಯಿತು. ೧೯೬೩ರಲ್ಲಿ ಹೊರಬಂದ ನಿಕೊನೊಸ್‌ನಲ್ಲಿ ಕ್ಯಾಮರಾವೂ ಕವಚವೂ ಒಂದೇ ಆಗಿದ್ದವು. ೨೦೦೧ರಲ್ಲಿ ಅದರ ತಯಾರಿಕೆ ನಿಂತಿತು. ಇಂದು ಒಂದೊಂದು ಕವಚ ಬಹುಮಟ್ಟಿಗೆ ಒಂದೊಂದೇ ಮಾದರಿಯ ಕ್ಯಾಮರಾಕ್ಕೆ ಹೊಂದುತ್ತದೆ. ಕ್ಯಾಮರಾ ಕೊಂಡ ಬಳಿಕ ಅದಕ್ಕೆ ಕವಚವೇ ಇಲ್ಲವೆಂದು ತಿಳಿಯುವುದು ಯಾರಿಗೆ ಬೇಕು?

ಇನ್ನು ಮಸೂರದ ಮುಂದಿನ ಗಾಜು. ಚಪ್ಪಟೆ ಗಾಜಿನ ಮೂಲಕ ನೋಡಿದರೆ, ನೀರಿನ ವಕ್ರೀಭವನಾಂಕ ೧.೩೩ ಆಗಿರುವುದರಿಂದ, ವಸ್ತು ಮುಕ್ಕಾಲು ದೂರದಲ್ಲಿದ್ದಂತೆ ತೋರುತ್ತದೆ. ಚಿತ್ರದ ವ್ಯಾಪ್ತಿ ಕುಗ್ಗುತ್ತದೆ. ಚಿಕ್ಕ ಜೀವಿಗಳ ಚಿತ್ರಕ್ಕೆ ಇದು ಲಾಭವೇ. ವಿಶಾಲ ದೃಶ್ಯಕ್ಕಾದರೆ ಗುಮ್ಮಟದಾಕಾರದ ಗಾಜು ಬೇಕು. ಆದರೆ ಗುಮ್ಮಟದ ಆಚೆ ಬಹುದೂರದಲ್ಲಿರುವ ಬಂಡೆಯ ಮಿಥ್ಯಾಬಿಂಬ ಗಾಜಿನಿಂದ ತ್ರಿಜ್ಯದ ಮೂರರಷ್ಟು ದೂರದಲ್ಲಿಯೇ ಏರ್ಪಡುತ್ತದೆ. ತ್ರಿಜ್ಯ ೮ ಸೆಂಟಿಮೀಟರಿದ್ದರೆ ಆ ಬಿಂಬ ೨೪ ಸೆಂಟಿಮೀಟರು ಮುಂದೆ! ಅಷ್ಟು ಹತ್ತಿರದ ವಸ್ತುವನ್ನು ಸ್ಪಷ್ಟಗೊಳಿಸಲಾರದ ಮಸೂರ ಎಷ್ಟೇ ಬೆಲೆಬಾಳಲಿ, ಗುಮ್ಮಟದ ಹಿಂದೆ ನಿರುಪಯುಕ್ತ. ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ತಾವೇ ಲೆಕ್ಕಹಾಕಿ ನೋಡಬಹುದು.

ಬಣ್ಣದ ವಿಷಯದಲ್ಲಿ ಕ್ಯಾಮರಾ ಪಾಪ, ಏನೂ ಮಾಡಲಾರದು. ಕಡಲ ನೀಲಿ ಬರಿಯ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆ ಎಂದು ಸಿ. ವಿ. ರಾಮನ್ನರು ೧೯೨೧ರ ಹಡಗುಪ್ರಯಾಣದ ಬಳಿಕ ತೋರಿಸಿದರು. ಅದರ ಜೊತೆಗೆ ನೀರು ಕೆಂಪನ್ನು ನುಂಗುತ್ತದೆ. ಶುದ್ಧ ನೀರಿನಲ್ಲಿಯೂ ಸುಮಾರು ೨ ಮೀಟರಿಗೊಮ್ಮೆ ಕೆಂಪು ಬೆಳಕು ಅರ್ಧವಾಗುತ್ತ, ೧೦ ಮೀಟರು ಆಳದಲ್ಲಿ ಮೂವತ್ತೆರಡರಲ್ಲೊಂದು ಪಾಲು ಉಳಿಯುತ್ತದೆ. ಇಲ್ಲದ ಬೆಳಕನ್ನು ಯಾವ ಕೆಂಪು ಶೋಧಕವೂ ತಂದುಕೊಡದು. ಫ್ಲಾಷ್ ದೀಪವನ್ನೇ ಒಯ್ಯಬೇಕು. ಆ ದೀಪದ ಬೆಳಕೂ ಮೀನಿನವರೆಗೆ ಹೋಗಿ ಹಿಂತಿರುಗಬೇಕಷ್ಟೆ. ನೇತ್ರಾವತಿ, ಫಲ್ಗುಣಿಗಳ ಕೆಸರು ಸೇರುವ ನಮ್ಮ ತೀರದ ನೀರಿನಲ್ಲಿ ದೀಪವನ್ನು ಮಸೂರದ ಪಕ್ಕಕ್ಕೇ ಇಟ್ಟರೆ ತೇಲುವ ಕಣಗಳೆಲ್ಲ ಹೊಳೆದು ಚಿತ್ರದ ತುಂಬ ಹಿಮ ಬಿದ್ದಂತಾಗುತ್ತದೆ. ಉದ್ದ ತೋಳುಗಳ ಮೇಲೆ ಅದನ್ನು ಬದಿಗೆ ಸರಿಸಬೇಕು, ಚಿತ್ರವಸ್ತುವಿನ ಹತ್ತಿರ ಹೋಗಬೇಕು.

ಆದುದರಿಂದ ನನ್ನ ಸಲಹೆ: ಒಟ್ಟು ಹಣದ ಅರ್ಧಕ್ಕಿಂತ ಹೆಚ್ಚು ಕ್ಯಾಮರಾಕ್ಕೆ ಬೇಡ, ಉಳಿದುದು ಕವಚಕ್ಕೂ ದೀಪಕ್ಕೂ ಇರಲಿ. ಕ್ಯಾಮರಾ ಹಳೆಯದಾದರೂ ಸರಿಯೆ. ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮುಳುಗುವುದನ್ನು ನಾನು ಒಪ್ಪಲಾರೆ. ನೀರಿನ ಒತ್ತಡದಲ್ಲಿ ಸ್ಪರ್ಶಪರದೆ ಕೈಕೊಡುತ್ತದೆ, ಮೊಬೈಲಿನ ಮೇಲೆ ಮುದ್ರಿತವಾದ ಜಲನಿರೋಧಕ ಮಟ್ಟವೂ ಸಿಹಿನೀರಿನ ಪರೀಕ್ಷೆಯದು.

ಮುಳುಗುವುದನ್ನೇ ಚೆನ್ನಾಗಿ ಕಲಿಯದವನ ಕೈಯಲ್ಲಿ ಮಾತ್ರ ಯಾವ ಕ್ಯಾಮರಾವೂ ಇರಕೂಡದು. ತೇಲುವಿಕೆಯ ಹತೋಟಿಯಿಲ್ಲದವನು ಚಿತ್ರದ ಆಸೆಯಿಂದ ಹವಳವನ್ನು ಹಿಡಿದು ನಿಲ್ಲುತ್ತಾನೆ, ಬೆನ್ನ ಮೇಲಿನ ಸಿಲಿಂಡರಿನಲ್ಲಿ ಗಾಳಿ ಎಷ್ಟುಳಿದಿದೆಯೆಂದು ನೋಡಲು ಮರೆಯುತ್ತಾನೆ. ಮುರಿದ ಹವಳ ಮತ್ತೆ ಬೆಳೆಯಲು ವರ್ಷಗಳೇ ಬೇಕು. ಗಾಳಿಯ ವಿಷಯವನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಹೇಗೂ ನೇತ್ರಾಣಿಗೆ ದೋಣಿಗಳು ಹೋಗುವುದಿಲ್ಲ. ಆ ತಿಂಗಳುಗಳಲ್ಲಿ ನಾಲ್ಕೈದು ಮಂದಿ ಸೇರಿ ಒಂದು ಕವಚ ಕೊಂಡು, ಈಜುಕೊಳದ ತಳದಲ್ಲಿ ಬಣ್ಣದ ಗೋಲಿಗಳನ್ನು ಹರಡಿ, ಒಂದನ್ನೂ ಮುಟ್ಟದೆ ಚಿತ್ರ ತೆಗೆಯುವುದನ್ನು ಅಭ್ಯಾಸ ಮಾಡಬಹುದು.